ಬಸ್ಸಿಲ್ಲದ ಊರಿಗೆ ಎರಡು ಸೀಟು

ಚಿಕ್ಕತಾಯಮ್ಮನವರ ಕರ್ಚೀಫು ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ. ಸಂಜೆಯ ಚಾಮರಾಜನಗರ ಬಸ್ಸು ಗುಂಡ್ಲುಪೇಟೆ ಸ್ಟ್ಯಾಂಡಿನೊಳಕ್ಕೆ ತಿರುಗುತ್ತಿರುವಾಗಲೇ ಅವರು ಸೀರೆ ಎತ್ತಿ ಸಿಕ್ಕಿಸಿಕೊಂಡು ಪಕ್ಕದಲ್ಲಿ ಓಡುತ್ತಿದ್ದರು. ಕೈ ಕಿಟಕಿಯೊಳಕ್ಕೆ ಹೋಗುತ್ತಿತ್ತು. ನೀಲಿ ಅಂಚಿನ, ಗಂಡಸರು ಇಟ್ಟುಕೊಳ್ಳುವಂಥ ದೊಡ್ಡ ಕರ್ಚೀಫು ಇಬ್ಬರು ಕೂರುವ ಸೀಟಿನ ಮೇಲೆ ಬೀಳುತ್ತಿತ್ತು. ಯಾರಾದರೂ ಅದನ್ನು ಸರಿಸಲು ಬಂದರೆ ಅವರದು ಒಂದೇ ಮಾತು. “ಬತ್ತಾರೆ ಕಣಪ್ಪ, ಬತ್ತಾರೆ.”

ಆ ಬರಬೇಕಾದವಳು ನಾನು. ಅವರು ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟು, ನಾನು ಅಲ್ಲೇ ಶಾಲೆಯೊಂದರಲ್ಲಿ ಗುಮಾಸ್ತೆ. ಬೆಳಿಗ್ಗೆ ಅವರು ಚಾಮರಾಜನಗರದಲ್ಲಿ ಹತ್ತಿ, ನಾನು ಹತ್ತುವ ತೆರಕಣಾಂಬಿಯವರೆಗೂ ಜಗಳವಾಡಿ ನನ್ನ ಜಾಗ ಕಾಯುತ್ತಿದ್ದರು. ಇಬ್ಬರಿಗೂ ಮದುವೆಯಾಗಿರಲಿಲ್ಲ, ಇಬ್ಬರದೂ ಒಂಟಿ ಬಾಡಿಗೆ ಮನೆ. ಒಬ್ಬರ ಮನೆಗೆ ಇನ್ನೊಬ್ಬರು ಹೋದವರೇ ಅಲ್ಲ. ನಾನೋ ಮೊದಲೇ ಸಿಡುಕಿನವಳು; “ಉಂಡ್ಯಾ?” ಎಂದು ನನ್ನನ್ನು ಕೇಳುತ್ತಿದ್ದ ಒಂದೇ ಒಂದು ಜೀವ ಅದು.

ಒಂದು ದಿನ ಫೋನನ್ನು ನನ್ನ ಮೂಗಿಗೇ ಹಿಡಿದರು. “ನೋಡಮ್ಮಿ, ಬಸ್ಸೇ ಇಲ್ದಿರೋ ಊರಂತೆ! ವೆನಿಸ್ ಅಂತ. ಬೀದಿ ತುಂಬ ನೀರು. ಓಗದಾದ್ರೆ ಇಂಥ ಊರ್ಗೆ ಓಗ್ಬೇಕು ಕಣಮ್ಮಿ. ಜೀವ್ಮಾನವೆಲ್ಲ ಬಸ್ಸಲ್ಲೇ ಸವ್ದೋಯ್ತು.”

“ದೋಣೀಲಿ ಸೀಟು ಹೆಂಗೆ ಹಿಡೀತೀರಿ?” ಎಂದೆ.

“ಅದೇ ಕಣಮ್ಮಿ ಯೋಚ್ನೆ. ಕರ್ಚೀಫ್ ಎಸುದ್ರೆ ನೀರ್ಗೆ ಬಿದ್ದೋಯ್ತದೆ.”

ಅಂದಿನಿಂದ ನಮ್ಮ ಪ್ರಯಾಣವೆಲ್ಲ ವೆನಿಸ್ಸಿನದೇ. ಅವರು ರಿಟೈರಾದ ಮೇಲೆ ಹೊರಡುವುದೆಂದಾಯಿತು. ಮೊದಲು ಹಳೆಯ ಚರ್ಚಿನ ಚಿನ್ನದ ಚಾವಣಿ, ಆಮೇಲೆ ಗಂಟೆಗೋಪುರ, ಅವರಿಗೆ ಕಾಲುನೋವಾದ್ದರಿಂದ ಕಲ್ಲಿನ ಸೇತುವೆ ಮಾರನೆಯ ದಿನ. ಚೌಕಕ್ಕೆ ನೀರು ನುಗ್ಗುತ್ತದಂತೆ, ಸೀರೆ ಗಿಡ್ಡ ಉಡಬೇಕು. ರಾಗಿ ಹುರಿಹಿಟ್ಟು ಒಯ್ಯಲೇಬೇಕೆಂದು ಅವರ ಹಟ. ಏರ್‌ಪೋರ್ಟಿನವರು ಬೂದಿ ಅಂದುಕೊಂಡು ಕಿತ್ತಿಟ್ಟುಕೊಳ್ಳುತ್ತಾರೆ ಎಂದು ನಾನು ರೇಗಿದರೆ, “ಒಂದುಂಡೆ ಮಾಡಿ ಬಾಯ್ಗಿಟ್ರಾಯ್ತು ಬುಡು” ಎಂದರು.

ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸಪ್ಪ, ಅಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಕೇಳಿದನಂತೆ. “ನಮ್ಮೋರು ಅಂತ ಇಲ್ಲೇ ಒಬ್ಳು ಅಕ್ಕನ್ನ ಬುಟ್ರೆ ಯಾರೂ ಇಲ್ಲ, ಅಲ್ಲೆಲ್ಲಿಂದ ಬತ್ತಾರಪ್ಪ ಅಂದೆ” ಎಂದು ನಗುತ್ತಾ ಹೇಳಿದವರು, ನನ್ನ ಮುಖ ನೋಡಿ ತೊಡೆ ತಟ್ಟಿದರು. “ಅಯ್ಯೋ, ನೀನಿದ್ದೀಯಲ್ಲ! ಮರ್ತೇಬುಟ್ಟಿದ್ದೆ ನೋಡು.” ಆ ಮಾತಿನ ಸಂತೋಷ ನನಗೆ ವಾರವೆಲ್ಲ ಇತ್ತು.

ಅವರು ರಿಟೈರಾದ ತಿಂಗಳೇ ಪುಣಜನೂರಿನಲ್ಲಿದ್ದ ಅವರ ಅಕ್ಕನಿಗೆ ಲಕ್ವ ಹೊಡೆಯಿತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಒಂದಷ್ಟು ದಿನ ಇದ್ದು ಬರುತ್ತೇನೆಂದು ಹೋದವರು ಬರಲಿಲ್ಲ. ಕಾಡಂಚಿನ ಊರು, ಫೋನು ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ನಾನು ಬಸ್ಸಿನಲ್ಲಿ ನಿಂತೇ ಓಡಾಡಿದೆ. ಕಾದು ಕಾದು ಸಾಕಾಗಿ, ಒಂದು ಭಾನುವಾರ ನಾನೇ ಹೋದೆ.

ಅವರು ಅಕ್ಕನ ತಲೆ ಬಾಚುತ್ತಿದ್ದರು. ನನ್ನನ್ನು ಕಂಡದ್ದೇ “ಉಂಡ್ಯಾ?” ಎಂದರು. ನನಗೆ ಸುತ್ತಿಬಳಸಿ ಮಾತಾಡಲು ಬರುವುದಿಲ್ಲ. “ವೆನಿಸ್ಸಿಗೆ ಯಾವಾಗ?” ಎಂದೆ.

“ಇವಳ ಬುಟ್ಟು ಎಲ್ಲಿಗಮ್ಮಿ ಓಗನ? ನೀನು ಓಗ್ಬುಟ್ಟು ಬಾ. ಬಂದು ನಂಗೆ ಯೋಳು.”

“ಒಬ್ಬಳೇ ಹೋಗಿ ಏನು ಮಾಡಲಿ? ಅಗೋ ಅಲ್ಲಿ ನೋಡಿ ಅಂತ ಯಾರಿಗೆ ಹೇಳಲಿ?” ಎಂದು ಜೋರಾಗಿಯೇ ಕೇಳಿದೆ. ಅವರು ಬಾಚಣಿಗೆಯ ಕೂದಲು ತೆಗೆಯುತ್ತಾ ಕೂತರು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು.

ಸಂಜೆ ಬಸ್ಸಿಗೆ ಬಿಡಲು ಬಂದರು. ಸತ್ಯಮಂಗಲದ ಕಡೆಯಿಂದ ಬಂದ ಬಸ್ಸು ನಿಧಾನವಾಗುತ್ತಿದ್ದಂತೆ, ಕಾಲುನೋವಿನ ಮುದುಕಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಓಡಿದರು. ನೀಲಿ ಅಂಚಿನ ಕರ್ಚೀಫು ಕಿಟಕಿಯೊಳಕ್ಕೆ ಬಿತ್ತು. ನಾನು ಹತ್ತಿ ಕಿಟಕಿ ಪಕ್ಕ ಕೂತು, ಅದನ್ನು ವಾಪಸು ಕೊಡಲು ಕೈ ಚಾಚುವಷ್ಟರಲ್ಲಿ ಬಸ್ಸು ಹೊರಟಿತು. “ನೀನೇ ಮಡಿಕೊ, ಮಡಿಕೊ!” ಎಂದು ಅವರು ಹಿಂದಿನಿಂದ ಕೂಗಿದರು.

ಪಕ್ಕದ ಸೀಟಿನ ಮೇಲೆ ಅದನ್ನು ಹಾಸಿದೆ. ಗಂಟು ಹೊತ್ತ ಹೆಂಗಸೊಬ್ಬಳು ಬಂದು, “ಇಲ್ಲಿ ಯಾರಾರ ಬತ್ತಾರಾ ಅಕ್ಕ?” ಎಂದಳು.

“ಬತ್ತಾರೆ ಕಣಮ್ಮ,” ಎಂದೆ.

ಚಾಮರಾಜನಗರದವರೆಗೂ ಆಕೆ ನಿಂತೇ ಬಂದಳು.