ಹೂವಿಗೆ ಸೆರಗು ಹಿಡಿಯುತ್ತಿದ್ದ ಕಾಕು

ಗುಡ್ಡದಲ್ಲಿ ಹೊಸ ಹೂವು ಕಂಡರೆ ಶಾಂತಾ ಕಾಕು ಅದನ್ನು ಕೀಳುತ್ತಿರಲಿಲ್ಲ, ಮೂಸುತ್ತಲೂ ಇರಲಿಲ್ಲ. ಉಟ್ಟ ಸೀರೆಯ ಸೆರಗನ್ನು ಅದರ ಪಕ್ಕಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ಸೆರಗಿಗಿಂತ ಒಂದೀಟ ತಿಳಿ ಐತಿ" ಎಂದು ತೀರ್ಪು ಕೊಟ್ಟ ಮೇಲೆಯೇ ಮುಂದಿನ ಹೆಜ್ಜೆ. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿ, ಜಮಖಂಡಿಯ ಬಟ್ಟೆ ಅಂಗಡಿಯವರ ಸೊಸೆಯಾಗಿ ಬಂದವರು. ಆಯುಷ್ಯವೆಲ್ಲ ಗಾದಿಯ ಮೇಲೆ ಕೂತು ಗಿರಾಕಿಗಳ ಮುಂದೆ ಸೀರೆ ಹಾಸಿದವರಿಗೆ ಹೂವು ಬೇರೆ ಹೇಗೆ ತಾನೆ ಕಂಡೀತು!

ಕಾಕು ನಮ್ಮ ಪಕ್ಕದ ಮನೆಯವರು. ಶಾಲಾ ಮಾಸ್ತರಾಗಿದ್ದ ನನ್ನ ಗಂಡ ಮುಧೋಳ ರಸ್ತೆಯ ಅಪಘಾತದಲ್ಲಿ ತೀರಿಕೊಂಡಾಗ ಬಂದವರೆಲ್ಲ ಅತ್ತರು. ನನಗೆ ಅಳು ಬರಲಿಲ್ಲ. ತಿಂಗಳುಗಳು ಕಳೆದರೂ ಬರಲಿಲ್ಲ. ಉಂಡರೆ ರುಚಿಯಿಲ್ಲ, ಉಣ್ಣದಿದ್ದರೆ ಹಸಿವಿಲ್ಲ. ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತಿದ್ದೆ. ಯಾರಾದರೂ ಅವರ ಸುದ್ದಿ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದೆ.

ಕಾಕು ಸಮಾಧಾನದ ಮಾತು ಆಡಲೇ ಇಲ್ಲ. ಹೋದ ವರ್ಷ ಶಿವರಾತ್ರಿ ಮುಗಿದ ಮೇಲೆ ಒಂದು ರವಿವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಸುಮಾ, ಚಪ್ಪಲ್ ಹಾಕ್ಕೋ. ಗುಡ್ಡದಾಗ ಮುತ್ತಲ ಹೂವ ಬಿಟ್ಟೈತಂತ, ನೋಡಿ ಬರೂಣು" ಎಂದರು. ಬರುವುದಿಲ್ಲ ಎನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ. ಹೋದೆ.

ಒಂದೂ ಎಲೆಯಿಲ್ಲದ ಮುತ್ತುಗದ ಮರದ ತುಂಬ ಹೂವು. "ಯಾವ ಬಣ್ಣ?" ಎಂದರು ಕಾಕು.

"ಕೆಂಪರಿ."

"ಯಾವ ಕೆಂಪ? ಕುಂಕುಮದ್ದೋ, ದಾಳಿಂಬರದ್ದೋ, ಇಟ್ಟಂಗಿದೋ? ಅಂಗಡಿಗೆ ಬಂದು ಬರೇ ಕೆಂಪ ತೋರಸ್ರಿ ಅಂದ್ರ ನಾವು ಎದ್ದ ಸುದ್ದಾ ನಿಲ್ಲಂಗಿಲ್ಲ."

ನನಗೆ ಖರೆಯಾಗಿಯೂ ಬರೀ ಕೆಂಪು ಕಾಣುತ್ತಿತ್ತು. ಕಾಕು ಒತ್ತಾಯ ಮಾಡಲಿಲ್ಲ, ಆದರೆ ಮುಂದಿನ ರವಿವಾರ ಮತ್ತೆ ಬಾಗಿಲಿಗೆ ಬಂದರು.

ಹೂವು ಗುರುತಿಸುವುದರಲ್ಲಿ ಅವರೇನು ಜಾಣೆಯಲ್ಲ. ಒಮ್ಮೆ ಸ್ಕೂಟಿಯ ಮೇಲೆ ಬೀಳಗಿ ಕಡೆಯ ಕುರುಚಲು ಕಾಡಿಗೆ ಹೋಗಿದ್ದೆವು. ಒಂದು ಕಡೆ ಸಣ್ಣ ಎಲೆಯ, ಹಳದಿ ಹೂವಿನ ತಂಗಡಕಿ ಗಿಡ, ಇನ್ನೊಂದು ಕಡೆ ಮುಳ್ಳೆಲೆಯ ಹಳದಿ ದತ್ತೂರಿ. ಸೆರಗು ಹಿಡಿದು ನೋಡಿದ ಕಾಕು ಎರಡೂ ಒಂದೇ ಹೂವು ಎಂದುಬಿಟ್ಟರು.

"ಎಲಿ ನೋಡ್ರಿ ಕಾಕು, ಇದೆಲ್ಲಿ, ಅದೆಲ್ಲಿ!" ಎಂದೆ.

"ಎಲಿ ಯಾರು ಉಡತಾರವಾ? ಬಣ್ಣ ನೋಡು. ಎರಡೂ ಒಂದ ಬಾನಿಯೊಳಗ ಅದ್ದಿದ್ದು."

ಬಣ್ಣದ ಬಾನಿಯ ಲೆಕ್ಕದಲ್ಲಿ ಕಾಡನ್ನೆಲ್ಲ ವಿಂಗಡಿಸಿದ ಆ ಧೈರ್ಯಕ್ಕೆ ನಗು ಬರಬೇಕಿತ್ತು. ಬರಲಿಲ್ಲ. ಆದರೂ ರವಿವಾರ ಬಂದರೆ ನಾನೇ ಮೊದಲು ಚಪ್ಪಲಿ ಹಾಕಿಕೊಂಡು ನಿಲ್ಲುತ್ತಿದ್ದೆ.

ಈ ವರ್ಷ ಬಿಸಿಲು ಏರುವ ಹೊತ್ತಿಗೆ ಕಾಕು ಹಾಸಿಗೆ ಹಿಡಿದರು. ಹೃದಯದ ಬೇನೆ, ಎದ್ದು ಕೂಡುವುದೂ ಕಷ್ಟ. ಒಬ್ಬಳೇ ಗುಡ್ಡಕ್ಕೆ ಹೋಗಿ ಬಂದು ಅವರ ಪಕ್ಕದಲ್ಲಿ ಕೂತೆ.

"ಏನ ಬಂದೈತಿ?" ಕಣ್ಣು ಮುಚ್ಚಿಯೇ ಕೇಳಿದರು.

"ಕವಳಿ ಹಣ್ಣಿನ ಗಿಡದ ಹೂವ್ರಿ."

"ಬಣ್ಣ?"

"ಬಿಳಿ."

ನನ್ನ ಬಾಯಿಂದ ತಾನಾಗಿಯೇ ಬಂತು: "ಬರೇ ಬಿಳಿ ಅಲ್ರಿ ಕಾಕು. ನಮ್ಮನಿಯವ್ರು ಸಾಲಿಗೆ ಹಾಕ್ಕೊಂಡ ಹೋಗತಿದ್ದ ಅಂಗಿ ಇತ್ತಲ್ರಿ, ಹಳೇದು, ಒಗದ ಒಗದ ಮೆತ್ತಗಾದದ್ದು. ಆ ಬಿಳಿ."

ಗಂಡ ತೀರಿಕೊಂಡ ಮೇಲೆ ನಾನು ಅವರ ಮಾತೆತ್ತಿದ್ದು ಅದೇ ಮೊದಲು. ಕಾಕು ಕಣ್ಣು ತೆರೆದು, "ಹಾಂ, ಈಗ ಹೇಳಿದಿ ನೋಡು" ಎಂದು ನನ್ನ ಕೈ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ಅದಾಗಿ ವಾರದೊಳಗೆ ಕಾಕು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಆಗಲೂ ಅಳು ಬರಲಿಲ್ಲ. ಸ್ನಾನ ಮಾಡಿ, ಅಲ್ಲಿಯವರೆಗೆ ಮುಟ್ಟದೇ ಇದ್ದ ಗಂಡನ ಕಪಾಟು ತೆರೆದೆ. ಆ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ನಾನು ಹೇಳಿದ್ದು ತಪ್ಪಾಗಿತ್ತು. ಅದು ಕವಳಿಯ ಬಿಳಿಯಲ್ಲ. ವರ್ಷಗಟ್ಟಲೆ ಒಗೆದಾಗಲೆಲ್ಲ ನಾನೇ ನೀಲಿ ಹಾಕಿ ಹಾಕಿ, ಅಂಗಿ ತಿಳಿನೀಲಿಯಾಗಿಬಿಟ್ಟಿತ್ತು. ಕಾಕುಗೆ ಹೇಳಬೇಕೆಂದು ಅಂಗಿ ಹಿಡಿದುಕೊಂಡು ಹೊಸ್ತಿಲವರೆಗೆ ಬಂದವಳು ಅಲ್ಲೇ ಕೂತು ಅತ್ತೆ.