ಖಾಲಿ ಬೂಟಿನ ಗ್ರೂಪ್ ಫೋಟೋ

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಚಿನ್ನದ ಗಣಿಯ ಊರಾದ ಊರಿಗಾಂ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಕನ್ನಡ ಓದುವವರೇ ಕಮ್ಮಿ. ತಮಿಳಿನವರ ಕ್ಲಾಸಿನಲ್ಲಿ ಬೆಂಚಿಗಾಗಿ ಜಗಳ, ನಮ್ಮದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೆಂಚು. ಎಸ್ಸೆಸ್ಸೆಲ್ಸಿಗೆ ಬರುವಷ್ಟರಲ್ಲಿ ಒಂಬತ್ತು ಜನ ಉಳಿದಿದ್ದೆವು: ಎಂಟು ಹುಡುಗರು, ಒಬ್ಬಳು ಹುಡುಗಿ. ಈ ಒಂಬತ್ತು ಮುಖಕ್ಕೆ ಬೀಳ್ಕೊಡುಗೆ ಸಮಾರಂಭ ಬೇರೆ! ಬೂಂದಿ ಖಾರದ ವಾಸನೆ ಹಿಡಿದು ಮೇಷ್ಟ್ರುಗಳೇ ಹನ್ನೆರಡು ಜನ ಬಂದು ಕೂತಿದ್ದರು.

ಅವತ್ತು ನಮ್ಮ ಮನೆಗೆ ಸಮಾರಂಭಕ್ಕಿಂತ ಗ್ರೂಪ್ ಫೋಟೋ ಮುಖ್ಯವಾಗಿತ್ತು. ನಮ್ಮ ವಂಶದಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದವರೂ ಇಲ್ಲ, ಫೋಟೋದಲ್ಲಿ ಬಿದ್ದವರೂ ಇಲ್ಲ. ಅಪ್ಪ ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದು ಗಣಿಗೆ ಸೇರಿದವನು. ಬೆಳಗಿನ ಪಾಳಿಗೆ ಹೊರಡುವ ಮುಂಚೆ ಪಕ್ಕದ ಮನೆಯ ಮಾಮನ ಬೂಟು ಕೇಳಿ ತಂದು ನನ್ನ ಮುಂದಿಟ್ಟ. ಅದು ನನ್ನ ಕಾಲಿಗಿಂತ ಎರಡು ಬೆರಳು ಉದ್ದ. ಮುಂದಕ್ಕೆ ಹಳೇ ಬಟ್ಟೆ ತುರುಕಿ, "ನೆಟ್ಟಗೆ ನಿಂತ್ಕೋ ಕಣ್ಲಾ. ಮುಖ ಚೆಂದಾಗಿ ಬರ್ಬೇಕು. ಗೋಡೆಗೆ ಆಕ್ತೀನಿ," ಅಂದ. ಮೊಳೆ ಹಿಂದಿನ ದಿನವೇ ಹೊಡೆದಾಗಿತ್ತು.

ಹೆಡ್‌ಮಾಸ್ಟರು ಭಾಷಣದಲ್ಲಿ ನಮ್ಮನ್ನು ನಾಡಿನ ಆಧಾರಸ್ತಂಭಗಳೆಂದರು. ಹಿಂದಿನ ವಾರವಷ್ಟೇ ಕತ್ತೆಗಳು ಎಂದಿದ್ದರು. ಇಷ್ಟು ಬೇಗ ಬಡ್ತಿ ಯಾರಿಗುಂಟು ಯಾರಿಗಿಲ್ಲ! ಆಮೇಲೆ ಬಿರುದು ಪ್ರದಾನ. ಹೋಗುವವರು ಒಬ್ಬರಿಗೊಬ್ಬರು ಬಿರುದು ಕೊಟ್ಟುಕೊಂಡು, ಕಾಗದದಲ್ಲಿ ಬರೆದು ಎದೆಗೆ ಗುಂಡುಸೂಜಿ ಚುಚ್ಚಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ದುಂಡಗಿನ ಅಕ್ಷರ ಇದ್ದದ್ದು ಆ ಹುಡುಗಿಗೊಬ್ಬಳಿಗೇ, ಹಾಗಾಗಿ ಬಿರುದು ಯೋಚಿಸಿ ಬರೆದವಳೂ ಅವಳೇ. ಕರುಣೆ ಎಂಬುದೇ ಇಲ್ಲದವಳು. ದಿನಾ ತಡವಾಗಿ ಬಂದು ಮಾರಿಕುಪ್ಪಂ ರೈಲಿನ ಮೇಲೆ ತಪ್ಪು ಹೊರಿಸುತ್ತಿದ್ದವನು "ರೈಲ್ವೆ ಮಂತ್ರಿ". ಕಾಪಿ ಹೊಡೆಯುವ ಭರದಲ್ಲಿ ಪಕ್ಕದವನ ಹೆಸರನ್ನೂ ಇಳಿಸಿಕೊಂಡಿದ್ದವನು "ಪ್ರಾಮಾಣಿಕ ರತ್ನ". ನಾನು "ಅಚಲ ಪರ್ವತ". ಎಷ್ಟು ಕರೆದರೂ ಬೋರ್ಡಿನ ಹತ್ತಿರ ಎದ್ದು ಹೋದವನಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಲೆಕ್ಕ ಬರುತ್ತಿರಲಿಲ್ಲ.

ಬಂಗಾರಪೇಟೆಯಿಂದ ರೈಲಿನಲ್ಲಿ ಬಂದಿದ್ದ ಫೋಟೋಗ್ರಾಫರು ಬೇವಿನ ಮರದ ನೆರಳಿನಲ್ಲಿ ನಮ್ಮನ್ನು ನಿಲ್ಲಿಸಿ, "ಕ್ಯಾಮರಾ ಮುಚ್ಚಳ ತೆಗೆದು ಮೂರು ಎಣಿಸೋ ತನಕ ಯಾರೂ ಅಲ್ಲಾಡಬೇಡಿ," ಅಂದರು. ಅಷ್ಟರಲ್ಲಿ ನೆಲವೇ ಅದುರಿತು. ಗಣಿಯೊಳಗೆ ಬಂಡೆ ಸಿಡಿದರೆ ಮೇಲೆ ಹಾಗಾಗುತ್ತದೆ. ಅಡುಗೆಮನೆಯಲ್ಲಿ ಪಾತ್ರೆಗಳು ಕುಣಿಯುತ್ತವೆ, ನಾವು ಮುದ್ದೆ ಮುರಿಯುತ್ತಲೇ ಇರುತ್ತೇವೆ. ಪಾಪ, ಫೋಟೋಗ್ರಾಫರು "ಅಯ್ಯಯ್ಯೋ ದೇವ್ರೇ!" ಎಂದು ಕ್ಯಾಮರಾ ತಬ್ಬಿಕೊಂಡರು. ನಮ್ಮಲ್ಲಿ ಒಬ್ಬರೂ ಕದಲಲಿಲ್ಲ. "ಮಾಮೂಲು ಸ್ವಾಮಿ, ನೀವು ತೆಗೀರಿ," ಎಂದರು ಹೆಡ್‌ಮಾಸ್ಟರು, ಫೋಟೋಗಾಗಿ ತಂದುಕೊಂಡಿದ್ದ ನಗೆಯನ್ನು ಸಡಿಲಿಸದೆ.

ಮುಚ್ಚಳ ತೆಗೆದರು. "ಒಂದು... ಎರಡು..."

ಸಂಗು ಕೂಗಿತು. ಗಣಿಯ ಸೈರನ್ನನ್ನು ನಮ್ಮ ಕಡೆ ಸಂಗು ಅನ್ನುತ್ತಾರೆ. ಪಾಳಿ ಬಿಡಲು ಇನ್ನೂ ಹೊತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಅದು ಕೂಗಿದರೆ ಒಳಗೆ ಯಾರಿಗೋ ಏನೋ ಆಗಿದೆ ಎಂದೇ ಅರ್ಥ. ಉಳಿದವರ ಅಪ್ಪಂದಿರು ಅಂಗಡಿಯವರು, ರೈಲ್ವೆಯವರು, ಗುಮಾಸ್ತರು. ಗಣಿಯೊಳಗೆ ಇಳಿಯುವ ಅಪ್ಪ ಇದ್ದದ್ದು ನನಗೊಬ್ಬನಿಗೇ.

ಮೂರು ಎಣಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಬರಿಗಾಲಲ್ಲಿ ಓಡುತ್ತಿದ್ದೇನೆಂದು ತಿಳಿದದ್ದು ಗಣಿಗಿಳಿಯುವ ಶಾಫ್ಟಿನ ಗೇಟಿನ ಹತ್ತಿರ ಜಲ್ಲಿ ಚುಚ್ಚಿದಾಗ. ಅಲ್ಲಾಗಲೇ ಹೆಂಗಸರು ಸೇರಿದ್ದರು. ಅಪ್ಪ ಬಂದರೆ ಲೆಕ್ಕ ಕಲಿಯುತ್ತೇನೆಂದು ಮಾರಮ್ಮನಿಗೆ ಹರಕೆ ಕೂಡ ಹೊತ್ತೆ. ಜನರನ್ನು ಮೇಲೆತ್ತುವ ಕೇಜು ಎರಡು ಸಲ ಬಂದು ಹೋಯಿತು. ಮೂರನೇ ಸಲ ಬಂದಾಗ ಅದರಿಂದ ಅಪ್ಪ ಇಳಿದ, ಮೈಯೆಲ್ಲ ಮಣ್ಣು. ಅವತ್ತು ಪುಣ್ಯಕ್ಕೆ ಎಲ್ಲರೂ ಉಳಿದರು.

ಅಪ್ಪ ಮೊದಲು ನೋಡಿದ್ದು ನನ್ನ ಕಾಲನ್ನು. "ಬೂಟೆಲ್ಲಿ ಬಿಟ್ಯೋ? ಪೋಟ ಆಯ್ತಾ?"

ನನಗೆ ಅಳು ಬಂದುಬಿಟ್ಟಿತು.

"ಥೂ ಮುಂಡೇದೇ, ನಂಗೇನಾಗೈತೆ? ಮುಖ ಬೀಳೋ ಒತ್ತಲ್ಲಿ ಓಡ್ಬಂದೀಯಲ್ಲ!" ಎಂದು ಬೈಯುತ್ತಲೇ ನನ್ನ ತಲೆಯ ಮೇಲೆ ಕೈ ಇಟ್ಟ.

ಹದಿನೈದು ದಿನಕ್ಕೆ ಫೋಟೋ ಬಂತು. ಎಂಟು ಜನ ಬಿರುದುಬಾವಲಿ ಸಮೇತ ನಿಚ್ಚಳವಾಗಿದ್ದಾರೆ. ನನ್ನ ಜಾಗದಲ್ಲಿ ಒದ್ದೆ ಕೈಯಲ್ಲಿ ಸ್ಲೇಟು ಒರೆಸಿದ ಹಾಗೆ ಒಂದು ಮಸುಕು. ಅದರ ಕೆಳಗೆ ಮಾಮನ ಬೂಟು ಮಾತ್ರ ಲೇಸಿನ ಗಂಟು ಸಮೇತ ಸ್ಪಷ್ಟ. "ಪರ್ವತ ಓಡಿಹೋಯ್ತು, ಬುಡ ಇಲ್ಲೇ ಐತೆ," ಅಂದ ರೈಲ್ವೆ ಮಂತ್ರಿ. ನಾಚಿಕೆಯಾಗಿ ಅದನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟೆ.

ಅಪ್ಪ ಹುಡುಕಿ ತೆಗೆದ. ಬಾಗಿಲ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ. ಏಟು ಬೀಳುತ್ತದೆಂದು ನಾನು ಗೋಡೆಗೆ ಸರಿದೆ. ಅವನು ಹೋಗಿ ಅದನ್ನು ಮೊಳೆಗೆ ನೇತುಹಾಕಿದ.

ಆಮೇಲೆ ಮನೆಗೆ ಬಂದವರೆಲ್ಲ ಫೋಟೋ ನೋಡಿ, ಇದರಲ್ಲಿ ನಿನ್ನ ಮಗ ಯಾರಪ್ಪಾ ಎಂದು ಕೇಳುವರು. ಅಪ್ಪ ಆ ಮಸುಕಿನ ಮೇಲೆ ಬೆರಳಿಟ್ಟು ಹೇಳುವನು: "ಇವ್ನೇ. ಮುಖ ಕಾಣ್ಸಲ್ಲ ಬುಡಿ. ಅವತ್ತು ನನ್ ಮುಖ ನೋಡಕ್ಕಂತ ಓಡ್ಬಂದ್ಬುಟ್ಟ."