ತೂತು ಬಿದ್ದ ರೊಟ್ಟಿ

ತೊಂಬತ್ತರ ದಶಕದಲ್ಲಿ, ‘ಮಾಡಿ ನೋಡಿ ಕಲಿ’ ತರಬೇತಿ ಮುಗಿಸಿಕೊಂಡು ದೊಡವಾಡದ ಕಡೆಯ ನನ್ನ ಶಾಲೆಗೆ ಮರಳಿದವನು, ಪಾಠ ಹೇಳುವುದನ್ನೇ ಬಿಟ್ಟು ಮಕ್ಕಳಿಗೆ ಬರೀ ಪ್ರಶ್ನೆ ಕೇಳತೊಡಗಿದೆ. ಜೋಳದ ರೊಟ್ಟಿ ಹಂಚಿನ ಮೇಲೆ ಯಾಕೆ ಉಬ್ಬುತ್ತದೆ, ಮನೆಯಲ್ಲೇ ಪರೀಕ್ಷಿಸಿ ಬನ್ನಿ ಎಂದೆ.

ಮರುದಿನ ಒಬ್ಬ ಹುಡುಗಿಯ ತಾಯಿ ಹಿಟ್ಟು ಮೆತ್ತಿದ ಕೈಯಲ್ಲೇ ಬಂದರು. “ಸರ್, ಈಕಿ ರೊಟ್ಟಿಗೆಲ್ಲಾ ಸೂಜೀಲೆ ತೂತು ಹೊಡದಾಳ್ರಿ. ಒಂದೂ ಉಬ್ಬಲಿಲ್ಲ. ನಮ್ಮತ್ತಿ ನನ್ನ ಬೈದ್ರು!”

ಒಳಗಿನ ಹಬೆ ತೂತಿನಿಂದ ಹೊರಗೆ ಹೋಗುತ್ತದೆ ಎಂದು ನಾನು ಗಂಭೀರವಾಗಿ ವಿವರಿಸಲು ಹೊರಟೆ.

“ಅದು ಗೊತ್ತಾತ್ರಿ. ತೂತಿನ ಮ್ಯಾಲೆ ಹಸಿ ಅರಿವಿ ಬಟ್ಟಿ ಒತ್ತಿ ಹಿಡಿದ್ರ ಮತ್ತ ಉಬ್ಬತೈತಿ. ಮೂರು ಸಲ ಮಾಡಿ ನೋಡೇನಿ. ನೀವು ಮಾಡಿ ನೋಡೀರೇನ್ರಿ?”

ತರಬೇತಿಯಲ್ಲಿ ನಾವು ‘ಮಾಡಿ ನೋಡಿ’ ಎಂಬುದನ್ನು ಬರೆದುಕೊಂಡಿದ್ದೆವು, ಅಷ್ಟೇ.